ಹನ್ನೊಂದು ದನಿಗಳ ಭಾಷೆ: ರೊಟೊಕಾಸ್ ಲೆಕ್ಕದಲ್ಲಿ ಏನಿದೆ, ಏನು ಬಿಟ್ಟುಹೋಗಿದೆ

ಜಗತ್ತಿನ ಅತಿ ಚಿಕ್ಕ ವರ್ಣಮಾಲೆ ಯಾವುದು ಎಂಬ ಕ್ವಿಜ್ ಪ್ರಶ್ನೆಗೆ ಉತ್ತರ ರೊಟೊಕಾಸ್. ಅಕ್ಷರ 12, ದನಿ 11. ಈ ಎರಡು ಅಂಕಿಗಳ ಆಚೆ ಆ ಭಾಷೆಯ ಬಗ್ಗೆ ಹೆಚ್ಚಿನವರು ಏನನ್ನೂ ಕೇಳಿರುವುದಿಲ್ಲ. ದನಿ ಕಡಿಮೆ ಎಂದಮೇಲೆ ಭಾಷೆಯೂ ಸರಳ ಇರಬೇಕು ಎಂಬ ಊಹೆ ಮಾತ್ರ ಸದ್ದಿಲ್ಲದೆ ಜೊತೆಗೆ ಸೇರಿಕೊಂಡಿರುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅದು ಒಂದು ಉಪಭಾಷೆಯದ್ದು, ಒಂದು ಬಗೆಯ ಎಣಿಕೆಯದ್ದು. ಊಹೆಯಂತೂ ಪೂರ್ತಿ ತಪ್ಪು.

ರೊಟೊಕಾಸ್ ಆಡುವವರಿರುವುದು ಬೋಗನ್‌ವಿಲ್ ದ್ವೀಪದ ಒಳನಾಡಿನ ಗುಡ್ಡಗಳಲ್ಲಿ ಮತ್ತು ಪೂರ್ವ ಕರಾವಳಿಯ ವಾಕುನಾಯ್ ಸುತ್ತಮುತ್ತ. ದ್ವೀಪ ಸೊಲೊಮನ್ ದ್ವೀಪಸಾಲಿಗೆ ಸೇರಿದ್ದು, ಆಡಳಿತ ಮಾತ್ರ ಪಪುವಾ ನ್ಯೂಗಿನಿಯದು. 1981ರ ಲೆಕ್ಕದಲ್ಲಿ ಮಾತೃಭಾಷಿಕರ ಸಂಖ್ಯೆ 4,320. ಅದು ದ್ವೀಪವನ್ನು ಹತ್ತು ವರ್ಷ ಸುಟ್ಟ ಅಂತರ್ಯುದ್ಧಕ್ಕೂ ಮುಂಚಿನ ಅಂಕಿ. ಇದು ‘ಪಪುವನ್’ ಭಾಷೆ ಎಂದಾಗ ಒಂದು ಎಚ್ಚರ ಬೇಕು: ದ್ರಾವಿಡ ಎಂಬಂತೆ ಪಪುವನ್ ಎಂಬುದು ಒಂದು ಕುಟುಂಬದ ಹೆಸರಲ್ಲ. ನ್ಯೂಗಿನಿ ಮತ್ತು ಸುತ್ತಲ ದ್ವೀಪಗಳಲ್ಲಿ ಆಸ್ಟ್ರೊನೇಷ್ಯನ್ ಅಲ್ಲದ, ಆಸ್ಟ್ರೇಲಿಯಾದ ಮೂಲನಿವಾಸಿಗಳದ್ದೂ ಅಲ್ಲದ ಭಾಷೆಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಕೊಟ್ಟ ಹೆಸರು ಅದು. ರೊಟೊಕಾಸ್‌ನ ನಿಜವಾದ ನೆಂಟರು ಉತ್ತರ ಬೋಗನ್‌ವಿಲ್ ಕುಟುಂಬದ ಕೆಲವೇ ಭಾಷೆಗಳು. ಅದೇ ದ್ವೀಪದ ದಕ್ಷಿಣದ ನಸಿಯೊಯ್, ಬುಯಿನ್ ಮೊದಲಾದವು ಬೇರೆ ಕುಟುಂಬ. ಹಾಗಾಗಿ ಇಲ್ಲಿ ಕಂಡದ್ದನ್ನು ‘ಪಪುವನ್ ಭಾಷೆಗಳ ಲಕ್ಷಣ’ ಎಂದು ಹಿಗ್ಗಿಸುವಂತಿಲ್ಲ. ಅದೇ ದೇಶದ ರೊಸೆಲ್ ದ್ವೀಪದ ಯೆಲೆ ಭಾಷೆಗೆ 90 ಧ್ವನಿಮಾಗಳಿವೆ, ಅಂದರೆ ಒಂದರ ಬದಲು ಇನ್ನೊಂದು ಬಂದರೆ ಅರ್ಥವೇ ಬದಲಾಗುವ ದನಿಗಳು. ಅದನ್ನೂ ಪಪುವನ್ ಎಂದೇ ಕರೆಯುತ್ತಾರೆ.

ಈಗ ದನಿಗಳಿಗೆ ಬರೋಣ. ಕೇಂದ್ರ ರೊಟೊಕಾಸ್ ಎಂಬ ಉಪಭಾಷೆಯಲ್ಲಿ ವ್ಯಂಜನಗಳು ಆರು, ಎರಡು ಸಾಲು. ಮೊದಲ ಸಾಲು ಪ, ತ, ಕ. ನಮ್ಮ ಅಲ್ಪಪ್ರಾಣಗಳ ಹಾಗೆಯೇ, ಉಸಿರು ಸೇರಿಸದೆ ನುಡಿಯಬೇಕು. ಎರಡನೆಯ ಸಾಲು ಅದೇ ಮೂರು ಜಾಗಗಳ ಘೋಷ ದನಿಗಳು, ಬರಹದಲ್ಲಿ ವಿ, ಆರ್, ಜಿ. ಕನ್ನಡಿಗರ ಬಾಯಿ ಎಡವುವುದು ಇಲ್ಲಿ. ವಿ ಎಂದು ಬರೆಯುವುದು ನಮ್ಮ ವ ಅಲ್ಲ, ಬ ಕೂಡ ಅಲ್ಲ. ಎರಡೂ ತುಟಿಗಳು ಹತ್ತಿರ ಬಂದು, ಪೂರ್ತಿ ಮುಚ್ಚದೆ, ನಡುವಿನ ಸಂದಿಯಲ್ಲಿ ಗಾಳಿ ಉಜ್ಜಿಕೊಂಡು ಹೋಗಬೇಕು. ಮೇಲಿನ ಹಲ್ಲು ಕೆಳತುಟಿಗೆ ತಾಗಬಾರದು. ಆರ್ ನಮ್ಮ ರಕಾರದಂತೆ ನಾಲಿಗೆಯ ಒಂದೇ ತಟ್ಟು. ಜಿ ಬಹುಮಟ್ಟಿಗೆ ಗ. ಕೆಲವೊಮ್ಮೆ ಅದೂ ಸಡಿಲಗೊಂಡು ಗಂಟಲ ಹತ್ತಿರ ಉಜ್ಜಿದಂತೆ ಕೇಳುತ್ತದೆ. ಒಬ್ಬನೇ ಮಾತುಗಾರ ಒಂದೇ ಪದದಲ್ಲಿ ಒಮ್ಮೆ ಸಡಿಲ ವ, ಇನ್ನೊಮ್ಮೆ ಗಟ್ಟಿ ಬ ಅನ್ನಬಹುದು. ಅರ್ಥ ಬದಲಾಗುವುದಿಲ್ಲ. ಅದಕ್ಕೇ ಅವೆರಡನ್ನೂ ಒಂದೇ ಧ್ವನಿಮಾ ಎಂದು ಎಣಿಸುತ್ತಾರೆ.

ಸ್ವರಗಳು ಐದು: ಅ, ಎ, ಇ, ಒ, ಉ. ಆರಕ್ಕೆ ಐದು ಸೇರಿ 11. ಆದರೆ ಪ್ರತಿ ಸ್ವರಕ್ಕೂ ದೀರ್ಘರೂಪ ಇದೆ, ಬರಹದಲ್ಲಿ ಅಕ್ಷರವನ್ನು ಎರಡು ಸಲ ಬರೆದು ತೋರಿಸುತ್ತಾರೆ. ‘ಕಪೊ’ ಮತ್ತು ‘ಕಾಪೊ’ ನಿಘಂಟಿನಲ್ಲಿ ಬೇರೆ ಬೇರೆ ನಮೂದುಗಳು. ದೀರ್ಘಗಳನ್ನು ಪ್ರತ್ಯೇಕ ಎಂದು ಎಣಿಸಿದರೆ ಮೊತ್ತ 16 ಆಗುತ್ತದೆ. ದೀರ್ಘ ಎಂದರೆ ಅದೇ ಸ್ವರ ಎರಡು ಸಲ ಎಂದುಕೊಂಡರೆ 11ರಲ್ಲೇ ನಿಲ್ಲುತ್ತದೆ. ಎರಡೂ ಒಪ್ಪಬಹುದಾದ ಲೆಕ್ಕಗಳೇ. ‘ಅತಿ ಚಿಕ್ಕದು’ ಎಂಬ ಪಟ್ಟಕ್ಕೆ ಬ್ರೆಜಿಲ್‌ನ ಪಿರಹಾ ಭಾಷೆಯ ಹೆಸರೂ ಕೇಳಿಬರುವುದಕ್ಕೆ ಒಂದು ಕಾರಣ ಇಂಥ ಎಣಿಕೆಯ ಆಯ್ಕೆಗಳು.

ಇನ್ನು ಎಸ್. ದನಿ 11, ಅಕ್ಷರ 12 ಆಗುವುದು ಇದರಿಂದ. ತಕಾರದ ಮುಂದೆ ಇ ಬಂದರೆ ಅದು ತ್ಸಿ ಅಥವಾ ಸಿ ಎಂದು ಕೇಳುತ್ತದೆ, ಹಾಗೆಂದೇ ಎಸ್ ಬಳಸಿ ಬರೆಯುತ್ತಾರೆ. ‘ತಿ’ ಎಂಬ ಅಕ್ಷರ ಈ ಭಾಷೆಯಲ್ಲಿ ಇಲ್ಲ. ಇದನ್ನು ನಂಬಬೇಕಿಲ್ಲ, ಎಣಿಸಿಯೇ ನೋಡಬಹುದು. ಪೈಥಾನ್‌ನಲ್ಲಿ ಭಾಷಾ ಸಂಸ್ಕರಣೆ ಕಲಿಯುವವರು ಬಳಸುವ ಎನ್‌ಎಲ್‌ಟಿಕೆ ಎಂಬ ಟೂಲ್‌ಕಿಟ್ ಇದೆಯಲ್ಲ, ಅದರ ಮಾದರಿ ದತ್ತಾಂಶದ ಜೊತೆ ರೊಟೊಕಾಸ್ ನಿಘಂಟಿನ ಒಂದು ಭಾಗ ಬರುತ್ತದೆ. ಬೆಂಗಳೂರಿನಲ್ಲಿ ಅದನ್ನು ಇಳಿಸಿಕೊಂಡವರ ಲ್ಯಾಪ್‌ಟಾಪಿನಲ್ಲೂ ಈ ಕಡತ ಇರುತ್ತದೆ, ತೆರೆದು ನೋಡಿರುವುದಿಲ್ಲ ಅಷ್ಟೆ. ಮಾಡಬೇಕಾದದ್ದು ಸುಲಭ: ಪದಪಟ್ಟಿಯಿಂದ ‘ವ್ಯಂಜನ, ಅದರ ಬೆನ್ನಿಗೆ ಸ್ವರ’ ಎಂಬ ಜೋಡಿಗಳನ್ನೆಲ್ಲ ಹೆಕ್ಕಿ ಕೋಷ್ಟಕ ಮಾಡಬೇಕು. ಟೂಲ್‌ಕಿಟ್‌ನ ಪಾಠದಲ್ಲೇ ಇರುವ ಈ ಎಣಿಕೆಯಲ್ಲಿ ತ ಸಾಲಿನ ಫಲಿತಾಂಶ ಹೀಗಿದೆ: ತ 47, ತೆ 8, ತಿ 0, ತೊ 148, ತು 37. ಸ ಸಾಲು: ಸ 0, ಸೆ 0, ಸಿ 100, ಸೊ 2, ಸು 1. ಒಂದು ಬರುವ ಕಡೆ ಇನ್ನೊಂದು ಬಹುತೇಕ ಬರುವುದಿಲ್ಲ ಎಂದರೆ ಅವು ಒಂದೇ ದನಿಯ ಎರಡು ಮುಖ. ಸು ಇರುವ ಆ ಒಂದೇ ಪದ ‘ಕಸುಅರಿ’; ಅದು ಕ್ಯಾಸೊವರಿ ಹಕ್ಕಿಗೆ ಹೊರಗಿನಿಂದ ಬಂದ ಹೆಸರು.

ಈ ಕೋಷ್ಟಕವನ್ನು ಓದುವಾಗ ಎರಡು ಕಡೆ ಜಾರಬಹುದು. ಅದರಲ್ಲಿ ಕಕಾರದ ಸಾಲಿನ ಮೊತ್ತ 1,253. ಎಲ್ಲ ಸಾಲು ಸೇರಿದರೆ 2,724. ಅಂದರೆ ಹೆಚ್ಚುಕಡಿಮೆ ಅರ್ಧ ಕಕಾರವೇ! ರೊಟೊಕಾಸ್‌ಗೆ ಕ ಮೇಲೆ ಅಷ್ಟು ಪ್ರೀತಿ ಎಂದು ಬರೆದುಬಿಡುವ ಮುನ್ನ ಪದಗಳನ್ನು ನೋಡಬೇಕು. ಕಡತದಲ್ಲಿರುವುದು ನಿಘಂಟಿನ ಕ ವಿಭಾಗ; ಪ್ರತಿ ಪದವೂ ಕಕಾರದಿಂದಲೇ ಶುರು. ಎರಡನೆಯದು, ಹೆಕ್ಕಲು ಕೊಟ್ಟ ವ್ಯಂಜನಗಳ ಪಟ್ಟಿಯಲ್ಲಿ ಜಿ ಸೇರಿಲ್ಲ. ಹಾಗಾಗಿ ಕೋಷ್ಟಕದಲ್ಲಿ ಗಕಾರದ ಸಾಲೇ ಇಲ್ಲ. ಕೋಷ್ಟಕವನ್ನೇ ನಂಬಿದವರಿಗೆ ಗ ಎಂಬ ದನಿಯೇ ಈ ಭಾಷೆಯಲ್ಲಿ ಇಲ್ಲ ಅನ್ನಿಸುತ್ತದೆ. ತ ಮತ್ತು ಸ ಬಗ್ಗೆ ತೀರ್ಮಾನಿಸಲು ಈ ದತ್ತಾಂಶ ಸಾಕು. ಯಾವ ದನಿ ಎಷ್ಟು ಬಳಕೆಯಲ್ಲಿದೆ ಎಂದು ಹೇಳಲು ಏನೇನೂ ಸಾಲದು. ಚಿಕ್ಕ ಭಾಷೆಗಳ ಮೇಲೆ ಕಂಪ್ಯೂಟರ್ ಹರಿಯಬಿಡುವವರು ಮತ್ತೆ ಮತ್ತೆ ಮಾಡುವ ತಪ್ಪು ಇದು: ಸಿಕ್ಕ ಕಡತವನ್ನೇ ಭಾಷೆ ಎಂದುಕೊಳ್ಳುವುದು.

ಎರಡು ದನಿ ಬೇರೆ ಬೇರೆ ಎಂದು ತೋರಿಸಲು ಬೇಕಾದದ್ದು ಒಂದೇ ಕಡೆ ಮಾತ್ರ ವ್ಯತ್ಯಾಸ ಇರುವ ಪದಗಳು. ಅದೇ ಕಡತದಲ್ಲಿ ಕರಿ, ಕಿರಿ, ಕೆರಿ, ಕುರಿ, ಕೊರಿ ಐದೂ ಸಿಗುತ್ತವೆ (ಕನ್ನಡದ ಅರ್ಥಗಳನ್ನು ಬದಿಗಿಡಿ). ಕರು, ಕಿರು, ಕೆರು, ಕುರು, ಕೊರು ಸಹ. ಐದು ಸ್ವರಗಳ ಲೆಕ್ಕ ಅಲ್ಲಿಗೆ ಗಟ್ಟಿ.

ಅಕ್ಷರದ (ಇಲ್ಲಿ ಬರಹದ ಗುರುತಲ್ಲ, ಒಂದೇ ಸಲಕ್ಕೆ ನುಡಿಯುವ ತುಣುಕು, ಅಂದರೆ ಸಿಲಬಲ್) ರಚನೆ ಇನ್ನೂ ಬಿಗಿ. ಒಂದು ಸ್ವರ, ಇಲ್ಲವೇ ಒಂದು ವ್ಯಂಜನದ ಮೇಲೆ ಸ್ವರ, ಅಷ್ಟೆ. ಒತ್ತಕ್ಷರ ಇಲ್ಲ, ಪದದ ಕೊನೆಗೆ ವ್ಯಂಜನ ಇಲ್ಲ. ವಿಚಿತ್ರ ಎಂದರೆ ‘ರೊಟೊಕಾಸ್’ ಎಂಬ ಹೆಸರೇ, ಕೊನೆಯ ಸಕಾರದಿಂದಾಗಿ, ಈ ನಿಯಮ ಮೀರುತ್ತದೆ. ದೀರ್ಘಗಳನ್ನು ಬಿಟ್ಟು ಎಣಿಸಿದರೆ ಸಾಧ್ಯವಿರುವ ಅಕ್ಷರಗಳು 35: ಬರೀ ಸ್ವರ 5, ವ್ಯಂಜನ ಕೂಡಿದವು 30. ಎರಡಕ್ಷರದ ಪದಗಳಿಗೆ 1,225 ಅವಕಾಶ, ಮೂರಕ್ಷರಕ್ಕೆ 42,875. ಎರಡಕ್ಷರದಲ್ಲಿ ಒಂದು ಭಾಷೆಯ ಸಂಸಾರ ಸಾಗದು. ಅದಕ್ಕೇ ಪದಗಳು ಉದ್ದ. ನುಡಿಯುವಾಗ ಒತ್ತು ಬೀಳುವುದಕ್ಕೂ ಒಂದು ಕ್ರಮ ಇದೆ: ಎರಡು ಮೂರು ಅಕ್ಷರದ ಪದದಲ್ಲಿ ಮೊದಲನೆಯದರ ಮೇಲೆ, ನಾಲ್ಕಿದ್ದರೆ ಒಂದು ಮತ್ತು ಮೂರರ ಮೇಲೆ, ಐದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊನೆಯಿಂದ ಮೂರನೆಯದರ ಮೇಲೆ. ನಡುವೆ ದೀರ್ಘ ಬಂದರೆ ಈ ಲೆಕ್ಕ ಏರುಪೇರಾಗುತ್ತದೆ.

ಓದುವ ಕನ್ನಡಿಗರಿಗೆ ಒಂದು ಪ್ರತ್ಯೇಕ ಎಚ್ಚರಿಕೆ. ಎರಡು ಸ್ವರ ಒಟ್ಟಿಗೆ ಬಂದರೆ ನಮ್ಮ ನಾಲಿಗೆ ಕೇಳದೆಯೇ ಯಕಾರವನ್ನೋ ವಕಾರವನ್ನೋ ತುರುಕುತ್ತದೆ. ಆಗಮಸಂಧಿ ನಮಗೆ ರಕ್ತದಲ್ಲೇ ಬಂದದ್ದು. ‘ಮಾತು’ ಎಂಬ ಅರ್ಥದ ‘ರೆಒ’ ನಮ್ಮ ಬಾಯಲ್ಲಿ ರೆಯೊ ಅಥವಾ ರೆವೊ ಆಗಿಬಿಡುತ್ತದೆ. ಯ ಎಂಬ ದನಿ ಅಲ್ಲಿ ಇಲ್ಲ, ಹಾಗಾಗಿ ಅದರಿಂದ ದೊಡ್ಡ ಹಾನಿಯಿಲ್ಲ. ವ ಸೇರಿಸಿದರೆ ಮಾತ್ರ ಇನ್ನೊಂದು ಧ್ವನಿಮಾ ಸೇರಿಸಿದಂತೆ, ಪದವೇ ಬೇರೆಯಾಗಬಹುದು. ಸ್ವರ ಸ್ವರಗಳನ್ನು ಬಿಡಿಬಿಡಿಯಾಗಿಯೇ ಅನ್ನಬೇಕು. ಒಂದು ಅನುಕೂಲವೂ ಇದೆ: ಎ-ಏ, ಒ-ಓ ಬೇರೆ ಬೇರೆ ತೋರಿಸುವ ನಮ್ಮ ಲಿಪಿಯಲ್ಲಿ ರೊಟೊಕಾಸ್‌ನ ಐದು ಹ್ರಸ್ವ, ಐದು ದೀರ್ಘ ಯಾವ ಹೊಸ ಗುರುತೂ ಇಲ್ಲದೆ ಕೂರುತ್ತವೆ.

ವ್ಯಾಕರಣದಲ್ಲಿ ಕನ್ನಡಿಗರಿಗೆ ಮೊದಮೊದಲು ಮನೆಗೆ ಬಂದಂತೆ ಅನ್ನಿಸುತ್ತದೆ. ಕ್ರಿಯಾಪದ ಸಾಮಾನ್ಯವಾಗಿ ಕರ್ಮದ ನಂತರ. ಸಂಬಂಧ ಸೂಚಿಸುವ ಪ್ರತ್ಯಯ ನಾಮಪದದ ನಂತರ. ಪುರುಷ, ಲಿಂಗ, ವಚನ ಎಲ್ಲ ಕ್ರಿಯಾಪದದ ಬಾಲದಲ್ಲಿ. ಮೇಲೆ ಹೇಳಿದ ನಿಘಂಟು ಪ್ರತಿ ನಮೂದಿಗೂ ಟೋಕ್ ಪಿಸಿನ್ (ಪಪುವಾ ನ್ಯೂಗಿನಿಯ ಸಂಪರ್ಕಭಾಷೆ) ಮತ್ತು ಇಂಗ್ಲಿಷ್ ಅರ್ಥ ಕೊಡುತ್ತದೆ, ಹಲವಕ್ಕೆ ಉದಾಹರಣೆ ವಾಕ್ಯಗಳನ್ನೂ ಕೊಡುತ್ತದೆ. ಅದರ ಮೊದಲ ನಮೂದನ್ನೇ ತೆಗೆದುಕೊಳ್ಳಿ:

ಅಪೊಕ ಇರ ಕಾರೊಇ ಅಇಒಅ-ಇಅ ರೆಒರೆಒಪಒರೊ.

ಅರ್ಥ: ಮಾತಾಡುತ್ತಾ ತಿನ್ನಲು ಹೋಗಿ ಅಪೊಕನ ಗಂಟಲಲ್ಲಿ ತುತ್ತು ಸಿಕ್ಕಿಕೊಂಡಿದೆ. ‘ಅಪೊಕ’ ಒಬ್ಬನ ಹೆಸರು. ‘ಇರ’ ಆ ಹೆಸರನ್ನೇ ಮತ್ತೆ ಹಿಡಿದು ತೋರಿಸುವ ಪುಲ್ಲಿಂಗ ಏಕವಚನ ಸರ್ವನಾಮ. ‘ಕಾ-ರೊ-ಇ’ ಒಡೆದರೆ: ಕಾ ಧಾತು, ರೊ ‘ಅವನು’, ಇ ವರ್ತಮಾನ. ‘ಅಇಒಅ-ಇಅ’ ಎಂದರೆ ‘ಊಟದಿಂದ’. ಕೊನೆಯದನ್ನು ಗಮನಿಸಿ: ‘ರೆಒ’ ಎರಡು ಸಲ ಬಂದಿದೆ, ಆಮೇಲೆ ‘ಪ’ ಕ್ರಿಯೆ ನಡೆಯುತ್ತಿದೆ ಎನ್ನಲು, ‘ಒರೊ’ ಅದೇ ಹೊತ್ತಿನಲ್ಲಿ ಎನ್ನಲು. ಪೂರ್ತಿ ಪದಕ್ಕೆ ನಮ್ಮ ‘ಮಾತಾಡುತ್ತಾ’ ಸರಿಸಮ. ಇಲ್ಲಿಯವರೆಗೆ ಎಲ್ಲ ಪರಿಚಿತ. ಆದರೆ ಪದಗಳ ಸಾಲು ನೋಡಿ. ಕ್ರಿಯಾಪದ ನಡುವೆ ನಿಂತಿದೆ. ಊಟವೂ ಮಾತಾಡುವುದೂ ಅದರ ನಂತರ ಬಂದಿವೆ. ಕನ್ನಡದ ಬರಹದಲ್ಲಿ ಹೀಗೆ ಮಾಡಿದರೆ ಕಾವ್ಯವಾದೀತು, ಅಲ್ಲಿ ಅದು ದಿನಬಳಕೆ. ‘ಇಅ’ ಹತ್ತಿದ ಪದ ಎಲ್ಲಾದರೂ ಕೂರಬಹುದು. ನೂಲು-ಹಗ್ಗದ ‘ಇರೊಇರೊ’ಗೆ ಅದೇ ಪ್ರತ್ಯಯ ಹತ್ತಿ ‘ಹಗ್ಗದಿಂದ’ ಎಂದಾದದ್ದು ಒಂದು ವಾಕ್ಯದ ಆರಂಭದಲ್ಲೂ ಇನ್ನೊಂದರ ಕೊನೆಯಲ್ಲೂ ಸಿಗುತ್ತದೆ. ತೃತೀಯೆ, ಸಪ್ತಮಿ ಎಂದು ನಾವು ಬೇರೆ ಮಾಡುವುದನ್ನು ಈ ಒಂದೇ ‘ಇಅ’ ಹೊತ್ತುಕೊಂಡಿದೆ.

ನಿಜವಾದ ಕಷ್ಟ ನಿಘಂಟಿನ ಎರಡನೆಯ ನಮೂದಿನಲ್ಲಿದೆ. ಧಾತು ಮತ್ತೆ ‘ಕಾ’:

ರೆರ ಕಾರೆವೊಇ.

‘ಅವನು ಇನ್ನೊಬ್ಬನ ಕುತ್ತಿಗೆ ಹಿಸುಕುತ್ತಿದ್ದಾನೆ.’ ‘ರೆರ’ ಎಂದರೆ ‘ಅವನನ್ನು’. ‘ಕಾ-ರೆ-ವೊಇ’ಯಲ್ಲಿ ಧಾತು ಅದೇ, ಕಾಲ ಅದೇ ವರ್ತಮಾನ, ಪುರುಷ-ಲಿಂಗ-ವಚನ ಅದೇ ‘ಅವನು’. ಆದರೂ ‘ರೊ’ ಇದ್ದ ಕಡೆ ‘ರೆ’ ಬಂದಿದೆ, ‘ಇ’ ಇದ್ದ ಕಡೆ ‘ವೊಇ’ ಬಂದಿದೆ. ರೊಟೊಕಾಸ್ ಕ್ರಿಯಾಪದಗಳೆಲ್ಲ ಎರಡು ಪಂಗಡ. ಭಾಷಾವಿಜ್ಞಾನಿಗಳು ಅವನ್ನು ಆಲ್ಫಾ ಮತ್ತು ಬೀಟಾ ಎನ್ನುತ್ತಾರೆ. ಪಂಗಡಕ್ಕೆ ತಕ್ಕಂತೆ ಪುರುಷ ಪ್ರತ್ಯಯಗಳೂ ಬೇರೆ, ಕಾಲ ಪ್ರತ್ಯಯಗಳೂ ಬೇರೆ. ನಮ್ಮಲ್ಲಿ ‘ಮುರಿದ’ ಎಂಬ ರೂಪ ಒಂದೇ: ಕೊಂಬೆ ಮುರಿದನೋ, ಮಾತು ಮುರಿದನೋ, ಬಾಲ ಬದಲಾಗುವುದಿಲ್ಲ. ಅಲ್ಲಿ ಬಾಲ ನೋಡಿಯೇ ಪಂಗಡ ಹೇಳಬಹುದು.

ಹಾಗಾದರೆ ಅಕರ್ಮಕಕ್ಕೆ ಆಲ್ಫಾ, ಸಕರ್ಮಕಕ್ಕೆ ಬೀಟಾ ಎಂದು ಬರೆದುಕೊಂಡರೆ ಸಾಕೇ? ಸಾಲದು. ಸಕರ್ಮಕಗಳು ಬೀಟಾ ಕಡೆಗೆ ವಾಲುತ್ತವೆ ಎಂಬುದು ಸರಿ. ಆದರೆ ಅಕರ್ಮಕಗಳಲ್ಲೇ ಒಡಕಿದೆ, ಕೆಲವು ಆಲ್ಫಾ, ಕೆಲವು ಬೀಟಾ. ಈ ಒಡಕಿನ ಮೇಲೆಯೇ ಭಾಷಾವಿಜ್ಞಾನಿ ಸ್ಟುವರ್ಟ್ ರಾಬಿನ್ಸನ್ 2011ರಲ್ಲಿ ಇಡೀ ಪಿಎಚ್‌.ಡಿ. ಪ್ರಬಂಧ ಬರೆದರು. ಕಲಿಯುವವರು ಪ್ರತಿ ಧಾತುವಿನ ಜೊತೆ ಅದರ ಪಂಗಡವನ್ನೂ ಬಾಯಿಪಾಠ ಮಾಡಬೇಕು; ಒಳ್ಳೆಯ ನಿಘಂಟು ಪ್ರತಿ ಕ್ರಿಯಾಪದದ ಪಕ್ಕದಲ್ಲಿ ಅದನ್ನು ನಮೂದಿಸಿರಲೇಬೇಕು. ಸಾಧಿತ ರೂಪಗಳಲ್ಲಿ ಮಾತ್ರ ಸ್ವಲ್ಪ ನೆಮ್ಮದಿ. ನಮ್ಮ ‘ಇಸು’ವಿನಂತೆ ಪ್ರೇರಣಾರ್ಥಕ ಮಾಡುವ ‘ಪಿಎ’ ಹತ್ತಿದರೆ ಕ್ರಿಯಾಪದ ಬೀಟಾ ಆಗುತ್ತದೆ. ‘ತನ್ನನ್ನು ತಾನೇ’ ಅಥವಾ ‘ಒಬ್ಬರನ್ನೊಬ್ಬರು’ ಎನ್ನುವ ‘ಒರ’ ಧಾತುವಿನ ಆರಂಭಕ್ಕೆ ಸೇರಿದರೆ ಆಲ್ಫಾ ಕಡೆಗೆ ಹೋಗುತ್ತದೆ. ಎಷ್ಟು ಜನ ಆ ಕ್ರಿಯೆಯಲ್ಲಿದ್ದಾರೆ ಎಂಬುದರ ಸುಳಿವು ಇದರಲ್ಲಿದೆ, ಆದರೆ ಅದೊಂದೇ ಸೂತ್ರದಿಂದ ಎಲ್ಲ ಧಾತುಗಳೂ ಬಗ್ಗುವುದಿಲ್ಲ.

ಲಿಂಗ-ವಚನದ ಕಡೆಗೂ ಒಂದು ನೋಟ:

ಒಸಿರೆಇತೊಅರೆಇ ಅವುಕವ ಇಅವ ಉರುರುಪವಿರ ತೊಉಪಸಿವೆಇರ.

ಅಂದರೆ ‘ಮುದುಕಿಯ ಕಣ್ಣುಗಳು ಮುಚ್ಚಿವೆ’. ‘ಅವುಕ-ವ’ದಲ್ಲಿ ವ ಸ್ತ್ರೀಲಿಂಗ, ಗಂಡಸಾಗಿದ್ದರೆ ‘ತೊ’. ‘ಒಸಿರೆಇ’ ಕಣ್ಣು, ಅದರ ಬೆನ್ನಿಗೆ ‘ತೊಅರೆಇ’, ಅಂದರೆ ಪುಲ್ಲಿಂಗದ ದ್ವಿವಚನ. ಎರಡು ಕಣ್ಣಾದ್ದರಿಂದ ದ್ವಿವಚನ ಬಂದದ್ದು ಸಂಸ್ಕೃತ ಓದಿದವರಿಗೆ ಹೊಸದಲ್ಲ. ಕಣ್ಣು ಪುಲ್ಲಿಂಗ ಆದದ್ದು ಮಾತ್ರ ‘ಮನುಷ್ಯರಿಗೆ ಗಂಡು-ಹೆಣ್ಣು, ಉಳಿದದ್ದೆಲ್ಲ ನಪುಂಸಕ’ ಎಂದು ಅರ್ಥದ ಮೇಲೆ ಲಿಂಗ ಹಚ್ಚುವ ಕನ್ನಡಿಗರಿಗೆ ತೊಡಕು. ಕಣ್ಣು ಮುದುಕಿಯದ್ದಾದರೂ ಅದರ ಲಿಂಗ ಬದಲಾಗಿಲ್ಲ. ‘ವಿರ’ ನಮ್ಮ ‘ಆಗಿ’ಯ ಕೆಲಸ ಮಾಡುತ್ತದೆ, ‘ವೆಇರ’ ರೂಢಿಯನ್ನು ಸೂಚಿಸುತ್ತದೆ. ಆರು ವ್ಯಂಜನಗಳಲ್ಲಿ ಇಷ್ಟೆಲ್ಲ ಬಾಲ ಕಟ್ಟುವುದರಿಂದಲೇ ‘ವ’, ‘ವಿರ’, ‘ವೆಇರ’ ಹೀಗೆ ಒಂದರಂತೆ ಇನ್ನೊಂದು ಕೇಳುವ ಪ್ರತ್ಯಯಗಳು ತುಂಬಿರುವುದು. ದನಿಯಲ್ಲಿ ಉಳಿಸಿದ್ದನ್ನು ಭಾಷೆ ಇಲ್ಲಿ ವೆಚ್ಚ ಮಾಡುತ್ತದೆ.

ಇನ್ನು ಮೊದಲೇ ಹೇಳಿದ ಆಕ್ಷೇಪ: 11 ಎಂಬುದು ಒಂದು ಉಪಭಾಷೆಯ ಅಂಕಿ. ಕೇಂದ್ರ ರೊಟೊಕಾಸ್ ಬಗ್ಗೆ 1969ರಲ್ಲಿ ಬರೆದ ಫರ್ಕೊ ದಂಪತಿ ಅದರಲ್ಲಿ ಮ, ನ, ಙ ಧ್ವನಿಮಾಗಳಿಲ್ಲ ಎಂದರು. ಜಗತ್ತಿನಲ್ಲಿ ತೀರ ಅಪರೂಪದ ಸ್ಥಿತಿ ಇದು. ಮೂಗಿನಿಂದ ಅನ್ನುವುದು ಆ ಜನರಿಗೆ ಬಾರದು ಎಂದಲ್ಲ. ರೊಟೊಕಾಸ್ ಆಡಲು ಹೆಣಗುವ ಪರದೇಶಿಯನ್ನು ಅಣಕಿಸುವಾಗ ಅನುನಾಸಿಕಗಳು ಚೆನ್ನಾಗಿಯೇ ಹೊರಡುತ್ತವಂತೆ! 2006ರಲ್ಲಿ ರಾಬಿನ್ಸನ್ ಅಇತ ಎಂಬ ಇನ್ನೊಂದು ಉಪಭಾಷೆಯ ವಿವರ ಪ್ರಕಟಿಸಿದರು. ಅಲ್ಲಿ ವ್ಯಂಜನಗಳು ಆರಲ್ಲ, ಒಂಬತ್ತು: ಅಘೋಷ ಮೂರು, ಘೋಷ ಮೂರು, ಅನುನಾಸಿಕ ಮೂರು. ಮ ಮತ್ತು ಬ ಬದಲಾದರೆ ಅರ್ಥವೂ ಬದಲಾಗುತ್ತದೆ.

ಹಾಗಾದರೆ ಮೂಲದಲ್ಲಿ ಇದ್ದದ್ದು ಯಾವುದು? ತರ್ಕ ಹೀಗೆ: ಅಇತದ ಎರಡು ದನಿಗಳಿಗೆ ಎದುರಾಗಿ ಕೇಂದ್ರದಲ್ಲಿ ಒಂದೇ ದನಿ ಇದೆ. ಮೊದಲಿದ್ದದ್ದು ಒಂದೇ ಆಗಿದ್ದು, ಅಇತದಲ್ಲಿ ಅದು ಎರಡಾಗಿ ಒಡೆಯಿತು ಎಂದಾದರೆ, ಎಲ್ಲಿ ಮ ಆಗುತ್ತದೆ, ಎಲ್ಲಿ ಬ ಆಗುತ್ತದೆ ಎಂದು ಹೇಳುವ ಸನ್ನಿವೇಶ ಒಂದಿರಬೇಕು. ಬೆನ್ನಿಗೆ ಇ ಬಂದಾಗ ತ ಸ ಆದಂತೆ. ಅಂಥ ಸನ್ನಿವೇಶ ಕಾಣುವುದಿಲ್ಲ. ಆದ್ದರಿಂದ ಎರಡೂ ಮೊದಲೇ ಇದ್ದವು, ಕೇಂದ್ರದಲ್ಲಿ ಬೆರೆತುಹೋದವು. ಇದನ್ನು ಒಪ್ಪಲು ಕನ್ನಡಿಗರು ದೂರ ಹೋಗಬೇಕಿಲ್ಲ. ಹಳಗನ್ನಡದ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಱ ಮತ್ತು ರ ಬೆರೆತಮೇಲೆ ಎರಡೂ ಅರಿ. ನಮ್ಮ ಧ್ವನಿಮಾಗಳು ಕಡಿಮೆಯಾದವು. ಕನ್ನಡ ಸರಳವಾಯಿತು ಎಂದು ಯಾರೂ ಹೇಳಲಿಲ್ಲ.

ಈ ಪಾಂಡಿತ್ಯದ ವಿಷಯಕ್ಕೆ ಈಗ ಆಡಳಿತದ ಮುಖವೂ ಬರಬಹುದು. 2019ರ ಕೊನೆಯಲ್ಲಿ ನಡೆದ ಜನಮತಗಣನೆಯಲ್ಲಿ ಬೋಗನ್‌ವಿಲ್‌ನ ಶೇ 97ಕ್ಕೂ ಹೆಚ್ಚು ಮತದಾರರು ಸ್ವಾತಂತ್ರ್ಯ ಬಯಸಿದರು. ಅಲ್ಲಿನ ನಾಯಕರು 2027ರ ಸೆಪ್ಟೆಂಬರ್ 1ರ ಗುರಿ ಇಟ್ಟುಕೊಂಡಿದ್ದಾರೆ. ಊರ ಭಾಷೆಯಲ್ಲಿ ಮೊದಲ ಓದು ಕಲಿಸುವ ‘ವಿಲೆಸ್ ಟೋಕ್ ಪ್ಲೆಸ್ ಸ್ಕುಲ್’ಗಳು 1980ರಲ್ಲಿ ಶುರುವಾದದ್ದೂ ಈ ದ್ವೀಪದ ಪ್ರಾಂತ್ಯದಲ್ಲೇ. 2013ರಲ್ಲಿ ಪಪುವಾ ನ್ಯೂಗಿನಿ ಸರ್ಕಾರ ಆರಂಭದ ತರಗತಿಗಳಿಂದಲೇ ಇಂಗ್ಲಿಷ್ ಎಂದು ತಿರುಗಿಕೊಂಡಿತು. ಹೊಸ ಆಡಳಿತ ಊರ ಭಾಷೆಗೆ ಮರಳುವುದಾದರೆ ರೊಟೊಕಾಸ್ ಪಾಠಪುಸ್ತಕ ಯಾವ ಕಾಗುಣಿತದಲ್ಲಿರಬೇಕು? ಪ್ರಸಿದ್ಧವಾದ ಆ 12 ಅಕ್ಷರಗಳು ಕೇಂದ್ರದ ಬಾಯಿಗೆ ಅಳೆದು ಹೊಲಿದವು. ಅಇತದ ಮಗು ತಾನು ಬೇರೆ ಬೇರೆಯಾಗಿ ಅನ್ನುವ ಮ ಮತ್ತು ಬ ಎರಡಕ್ಕೂ ವಿ ಬರೆಯಬೇಕಾಗುತ್ತದೆ, ಓದುವಾಗ ಯಾವುದು ಎಂದು ಊಹಿಸಬೇಕಾಗುತ್ತದೆ.

ಎಸ್ ಬಗ್ಗೆಯೂ ಇಂಥದ್ದೇ ಪ್ರಶ್ನೆ ಏಳಬಹುದು, ಆದರೆ ಅದು ಚಿಕ್ಕದು. ಎಸ್ ಕೈಬಿಟ್ಟು ‘ಟಿ ಮುಂದೆ ಐ ಬಂದರೆ ಸಿ ಎಂದು ಓದಿ’ ಎಂಬ ನಿಯಮ ಇಡಬಹುದು. ಒಂದು ಅಕ್ಷರ ಉಳಿಯುತ್ತದೆ. ಆದರೆ ಟೋಕ್ ಪಿಸಿನ್ ಮತ್ತು ಇಂಗ್ಲಿಷ್ ಎರಡರಲ್ಲೂ ಎಸ್ ಓದುವ ಮಕ್ಕಳಿಗೆ, ಕಿವಿಗೆ ಸ ಎಂದೇ ಕೇಳುವುದನ್ನು ಟಿ ಎಂದು ಬರೆಯಿಸುವುದರಲ್ಲಿ ಲಾಭ ಏನೂ ಕಾಣುವುದಿಲ್ಲ. ಇದನ್ನು ಈಗಿರುವಂತೆ ಬಿಡುವುದೇ ಸರಿ.

ಅನುನಾಸಿಕಗಳ ವಿಷಯದಲ್ಲಿ ದಾರಿ ಎರಡು. ಅಇತದ ವ್ಯತ್ಯಾಸಗಳನ್ನೆಲ್ಲ ಬರಹದಲ್ಲಿ ಉಳಿಸಿ, ಕೇಂದ್ರದವರು ಎಮ್ಮನ್ನೂ ಬಿಯನ್ನೂ ಒಂದೇ ಥರ ಓದಿಕೊಳ್ಳಲಿ ಎನ್ನಬಹುದು. ಓದುವುದು ಸುಲಭ. ಬರೆಯುವುದು ಕಷ್ಟ: ಕಿವಿಗೆ ಕೇಳದ ವ್ಯತ್ಯಾಸವನ್ನು ಪದ ಪದಕ್ಕೂ ಕಂಠಪಾಠ ಮಾಡಬೇಕು. ಬಾಯಲ್ಲಿ ಬೆರೆತ ದನಿಯನ್ನು ಬರಹದಲ್ಲಿ ಹಿಡಿದಿಡಲು ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೇಶಿರಾಜನೇ ಸಾಕ್ಷಿ. 13ನೇ ಶತಮಾನದಲ್ಲಿ ೞಕಾರ ಯಾವ ಯಾವ ಪದಗಳಲ್ಲಿದೆ ಎಂದು ಅವನು ಪಟ್ಟಿ ಕೊಡಬೇಕಾಯಿತು. ಪಟ್ಟಿಯಿಂದ ೞ ಉಳಿಯಲಿಲ್ಲ. ಇನ್ನೊಂದು ದಾರಿ, ಮೊದಲ ಎರಡು ವರ್ಷದ ಓದುಪುಸ್ತಕಗಳನ್ನು ಎರಡು ಕಾಗುಣಿತದಲ್ಲಿ ಅಚ್ಚು ಹಾಕುವುದು: ಕೇಂದ್ರಕ್ಕೆ 12 ಅಕ್ಷರ, ಅಇತಕ್ಕೆ ಅದರ ಮೇಲೆ ಮ, ನ, ಙಗಳಿಗೆ ಗುರುತು. ಮುಂದಿನ ತರಗತಿಗಳಿಗೆ ಒಂದೇ ಪುಸ್ತಕ ಸಾಕು. ಖರ್ಚು ಹೆಚ್ಚು, ಆದರೆ ಮಗು ತನ್ನ ಬಾಯಲ್ಲಿರುವುದನ್ನೇ ಬರೆಯುತ್ತದೆ. ಎರಡನೆಯದೇ ವಾಸಿ. ಯಾವುದನ್ನು ಹಿಡಿದರೂ ಮೊದಲು ಬೇಕಾದದ್ದು ಅಇತದ ಪೂರ್ತಿ ಪದಪಟ್ಟಿ, ಕ ವಿಭಾಗ ಒಂದೇ ಅಲ್ಲ, ಪ್ರತಿ ಕ್ರಿಯಾಪದದ ಪಕ್ಕ ಅದು ಆಲ್ಫಾವೋ ಬೀಟಾವೋ ಎಂಬ ಗುರುತಿನ ಸಮೇತ.